ಮಧ್ಯಾಹ್ನದ ಸೊನ್ನೆ

ಕಾಗದ ಅಂಗಿಯ ಜೇಬಿನಲ್ಲಿದೆಯೆಂದು ಗೊತ್ತಿದ್ದರೂ ಶಾಂತರಾಜು ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಎರಡು ಸಲ, ಗುಂಡ್ಲುಪೇಟೆಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಮತ್ತೊಂದು ಸಲ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡ. ನೋಡಿದವರು ತನಗೆ ಎದೆನೋವೆಂದು ತಿಳಿದಾರು ಎನ್ನಿಸಿ ಕೈ ಇಳಿಸಿದ. ತಿಳಿದರೆ ತಿಳಿಯಲಿ, ಅದಕ್ಕಿಂತ ಕೆಟ್ಟದ್ದು ಅವರಿಗೆ ತಿಳಿಯುವುದಿಲ್ಲವಲ್ಲ. ಒಂದೇ ಪುಟದ ಕಾಗದ, ಇಂಗ್ಲಿಷಿನಲ್ಲಿ ಆರು ವಾಕ್ಯ. ನಿನ್ನೆ ಶನಿವಾರ ಮಧ್ಯಾಹ್ನ ಕಾಲೇಜು ಖಾಲಿಯಾದ ಮೇಲೆ ಪ್ರಾಣಿಶಾಸ್ತ್ರ ವಿಭಾಗದ ಟೈಪ್‌ರೈಟರಿನಲ್ಲಿ ಅವನೇ ಹೊಡೆದದ್ದು. 'ನಾನು, ಅಪ್ಸರ್ ಪಾಷಾ, ಪ್ರಾಣಿಶಾಸ್ತ್ರ ಪ್ರಯೋಗಾಲಯದ ಅಟೆಂಡರ್' ಎಂದು ಅದು ಶುರುವಾಗುತ್ತಿತ್ತು. ಪೆಟ್ಟಿಗೆಯಲ್ಲಿದ್ದ ಕೀಟಗಳ ಲೇಬಲ್ಲುಗಳನ್ನು ನನ್ನ ಅಜಾಗರೂಕತೆಯಿಂದ ಅದಲುಬದಲು ಮಾಡಿದ್ದೇನೆ, ಲೆಕ್ಚರರ್ ಶ್ರೀ ಶಾಂತರಾಜು ಅವರಿಗೆ ಇದು ತಿಳಿದಿರಲಿಲ್ಲ ಎಂದು ಮುಗಿಯುತ್ತಿತ್ತು. ಕೆಳಗೆ ಸಹಿಗೆ ಜಾಗ. ಟೈಪು ಮಾಡುವಾಗ ಅವನ ಬೆರಳು ತಡೆದದ್ದು ಆ 'ನಾನು' ಎಂಬಲ್ಲಿ. ಆಮೇಲಿನದೆಲ್ಲ ಸಲೀಸಾಗಿ ಬಂತು. ಇನ್ನೊಬ್ಬನ ಬಾಯೊಳಗೆ ಕೂತು ಇಷ್ಟು ಸಲೀಸಾಗಿ ಮಾತಾಡಬಹುದೆಂದು ಅವನಿಗೆ ಗೊತ್ತಿರಲಿಲ್ಲ. ತನ್ನ ಹೆಸರಿನ ಹಿಂದೆ ತಾನೇ 'ಶ್ರೀ' ಸೇರಿಸಿಕೊಂಡಿದ್ದನ್ನು ಮತ್ತೆ ಓದುವಾಗ ಕಂಡು, ತೆಗೆಯಬೇಕೆಂದುಕೊಂಡು, ಹಾಳೆ ಹಾಳಾಗುತ್ತದೆಂದು ಬಿಟ್ಟಿದ್ದ.

ಇಷ್ಟಕ್ಕೂ ಇದು ಎರಡು ಹುಳುಗಳ ವಿಷಯ. ಸಮುದ್ರದ ದಡದಲ್ಲಿ ಬದುಕುವ ಹುಲಿ ಜೀರುಂಡೆಗಳು, ಒಂದೇ ಕುಲದವು, ಒಂದೇ ಮರಳಿನಲ್ಲಿ ಓಡಾಡುವವು. ಒಂದು ಕರಿಯದು. ಬೆನ್ನ ಮೇಲೆ ಯಾರೋ ಸುಣ್ಣದ ಕಡ್ಡಿಯಿಂದ ಗೀಚಿ ಅರ್ಧಕ್ಕೆ ಬಿಟ್ಟಂಥ ಗೆರೆಗಳು. ಅಲೆ ಬಂದು ಹಿಂದೆ ಸರಿದ ಹಸಿ ಮರಳಿನ ಅಂಚಿನಲ್ಲಿ ಅದರ ಓಟ. ಇನ್ನೊಂದು ಬಿಳಿಯದು ಅಥವಾ ಬಿಳಿಯದೆಂದು ಶಾಂತರಾಜು, ಅಪ್ಸರ್ ಇಬ್ಬರೂ ಕರೆಯುತ್ತಿದ್ದದ್ದು. ಅದಕ್ಕೆ ಮರಳಿನದೇ ಬಣ್ಣ. ಮೇಲಿನ ಒಣ ಮರಳಿನಲ್ಲಿ ಅದು ಓಡುವಾಗ ಹುಳು ಕಾಣುವುದಿಲ್ಲ, ನೆರಳು ಮಾತ್ರ ಓಡುತ್ತದೆ. ಎರಡೂ ಎಷ್ಟು ಜೋರಾಗಿ ಓಡುತ್ತವೆಂದರೆ ಓಡುವಾಗ ಅವಕ್ಕೆ ಎದುರಿನದು ಕಾಣುವುದಿಲ್ಲ. ಬೇಟೆಯ ಹಿಂದೆ ಹೋದದ್ದು ನಡುವೆ ಗಕ್ಕನೆ ನಿಂತು, ನೋಡಿ, ಮತ್ತೆ ಓಡಬೇಕು. ಶಾಂತರಾಜುವಿನ ಎಂ.ಫಿಲ್. ಪ್ರಬಂಧ ಈ ಎರಡರ ಹೋಲಿಕೆ: ಕಾಲಿನ ಉದ್ದ, ಓಟ, ಬಿಸಿಲಿಗೆ ಮೈಯೊಡ್ಡುವ ರೀತಿ, ಮತ್ತೆ ಮುಖ್ಯವಾಗಿ ಯಾವ ಹೊತ್ತಿನಲ್ಲಿ ಯಾವುದು ಎಲ್ಲಿರುತ್ತದೆ ಎಂಬುದು. ಎರಡೂ ಜಾಗವನ್ನಷ್ಟೇ ಅಲ್ಲ, ಹೊತ್ತನ್ನೂ ಹಂಚಿಕೊಂಡಿವೆ, ಬೆಳಿಗ್ಗೆ ಕರಿಯದು, ಮಧ್ಯಾಹ್ನ ಬಿಳಿಯದು, ಒಂದರ ದಾರಿಗೆ ಇನ್ನೊಂದು ಬರುವುದಿಲ್ಲ ಎಂದು ಅವನು ಬರೆದಿದ್ದ. ಮೈಸೂರಿನ ಗೈಡು ಅದನ್ನು ಮೆಚ್ಚಿ, ಆ ಮಾತಿನ ಪಕ್ಕ ಪೆನ್ಸಿಲಿನಲ್ಲಿ ಗೀಟೆಳೆದಿದ್ದರು. ಆಮೇಲೆ ಹುಳುಗಳ ಪೆಟ್ಟಿಗೆ ತರಿಸಿಕೊಂಡು ನೋಡಿದರು. ಹೋದ ವಾರ ಅವರಿಂದ ಕಾರ್ಡು ಬಂತು. ಮಧ್ಯಾಹ್ನದ ಹೊತ್ತಿಗೆ ಕರಿಯದು ಸೊನ್ನೆ ಎಂದು ನಿಮ್ಮ ಕೋಷ್ಟಕ ಹೇಳುತ್ತದೆ. ಪೆಟ್ಟಿಗೆಯಲ್ಲಿ ನಾಲ್ಕು ಕರಿಯವಕ್ಕೆ ಮಧ್ಯಾಹ್ನದ ಲೇಬಲ್ಲಿದೆ. ಒಂದೋ ಕೋಷ್ಟಕ ಸುಳ್ಳು, ಇಲ್ಲವೇ ಲೇಬಲ್ಲು ಸುಳ್ಳು. ಯಾವುದು?

ಕಾಲೇಜಿನ ಆಫೀಸಿನಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಬಂದ ಕಾರ್ಡು. ಅವನು ಅದೇ ದಿನ ಉತ್ತರ ಬರೆದ. ಲೇಬಲ್ಲು ಸುಳ್ಳು, ಹುಳುಗಳನ್ನು ಸೂಜಿಗೆ ಚುಚ್ಚಿದವನು ಅಟೆಂಡರು ಎಂದು.

ಬಸ್ಸು ಹೊರಡುವ ಹೊತ್ತಿಗೆ ಹರವೆಯ ಮರಿಮಲ್ಲಪ್ಪ ಏದುಸಿರು ಬಿಡುತ್ತ ಹತ್ತಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತ. ಚೀಲದಿಂದ ಅವರೆಕಾಯಿಯ ಸೊಗಡು ಬಂತು. ಅವನ ಮಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಇವನ ವಿದ್ಯಾರ್ಥಿ. ತೆರಕಣಾಂಬಿಯಲ್ಲಿರುವ ಮಗಳ ಮನೆಗೆ ಹೊರಟಿದ್ದಾನಂತೆ. ಭಾನುವಾರವೂ ಕಾಲೇಜೇ ಎಂದು ಕೇಳಿದ. ಇಲ್ಲ, ಸ್ವಲ್ಪ ಕೆಲಸ ಎಂದ ಶಾಂತರಾಜು. ಮರಿಮಲ್ಲಪ್ಪ ಅಷ್ಟಕ್ಕೆ ಬಿಡುವವನಲ್ಲ.

"ಉಳ ಇಡ್ಯಕ್ಕೆ ಸಮುದ್ರದ್ ತಂಕ ಓಗಿದ್ರಂತಲ್ಲ ಮೇಷ್ಟ್ರೆ. ನಮ್ ಅವರೆ ವಲಕ್ ಬಂದಿದ್ರೆ ಚೀಲ ತುಂಬ್ಸಿ ಕಳುಸ್ತಿದ್ದೆ."

ಹಿಂದಿನ ಸೀಟಿನವರು ನಕ್ಕರು. ಶಾಂತರಾಜುವೂ ನಕ್ಕ. ಇವು ಬೇರೆ ಜಾತಿಯವು, ಉಪ್ಪುನೀರಿನ ಪಕ್ಕವೇ ಇರುವಂಥವು, ಎರಡು ಜಾತಿ ಒಂದೇ ಕಡೆ ಇರುತ್ತವೆ ಎಂದ. ಸುಮ್ಮನಿದ್ದಿದ್ದರೆ ಆಗುತ್ತಿತ್ತು.

"ಎಲ್ಡು ಜಾತಿ ಒಂದೇ ತಾವು ಇದ್ರೆ ಕಚ್ಚಾಡಕಿಲ್ವ?"

"ಇಲ್ಲ. ಹೊತ್ತು ಹಂಚಿಕೊಂಡಿರ್ತವೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು."

"ಅಂಗಾರೆ ನಮ್ಮೂರೋರ್ಗಿಂತ ವಾಸಿ ಬುಡಿ," ಎಂದ ಮರಿಮಲ್ಲಪ್ಪ. ಆಮೇಲೆ ಏನನ್ನೋ ಯೋಚಿಸಿದವನಂತೆ, "ನೀವೇ ಕಣ್ಣಾರ ಕಂಡ್ರಾ?" ಎಂದು ಕೇಳಿದ. ಅದರಲ್ಲಿ ಅನುಮಾನವಿರಲಿಲ್ಲ, ಬರಿಯ ಬೆರಗಿತ್ತು.

ಶಾಂತರಾಜು ತಲೆಯಾಡಿಸಿದ. ಅದು ಹೌದು ಎಂದೂ ಆಗಬಹುದು, ಬಸ್ಸಿನ ಕುಲುಕಾಟವೂ ಆಗಬಹುದು.

ಕಿಟಕಿಯಾಚೆ ಜನವರಿಯ ಬಿಸಿಲು ಹುರುಳಿಯ ಕಣಗಳ ಮೇಲೆ ಬಿದ್ದಿತ್ತು. ಆ ಬಿಸಿಲೇ ಬೇರೆ, ಅಕ್ಟೋಬರಿನಲ್ಲಿ ಉಳ್ಳಾಲದಾಚೆಯ ದಡದ ಬಿಸಿಲೇ ಬೇರೆ. ಅಲ್ಲಿ ಬಿಸಿಲು ಮೇಲಿಂದಲೂ ಬರುತ್ತಿತ್ತು, ಮರಳಿನಿಂದಲೂ ಏಳುತ್ತಿತ್ತು. ದಸರಾ ರಜೆಯಲ್ಲಿ ಹತ್ತು ದಿನ. ಅಟೆಂಡರನ್ನು ಕರೆದುಕೊಂಡು ಹೋಗುವುದು ಅವನ ಯೋಚನೆಯಲ್ಲ. ಬಲೆ ಹೆಣೆಯಲು ಹೇಳಿದ್ದಾಗ ಸೊಳ್ಳೆಪರದೆಯ ಬಟ್ಟೆಗೆ ತಂತಿಯ ಬಳೆ ಬೆಸೆದು ಎರಡು ಬಲೆ ತಂದಿಟ್ಟ ಅಪ್ಸರ್, ಎರಡನೆಯದು ಯಾರಿಗೆ ಎಂದು ಕೇಳಿದಾಗ ನಾನೂ ಬತ್ತೀನಿ ಸಾರ್, ಸಮುದ್ರ ನೋಡಿಲ್ಲ ಎಂದಿದ್ದ. ಗುಂಡ್ಲುಪೇಟೆಯಲ್ಲಿ ತಲೆಮಾರಿನಿಂದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮನೆಯವನು. ಕಬ್ಬಿಣ, ತವರ, ಬೆಂಕಿ ಇವುಗಳ ಜೊತೆ ಅವನ ಬೆರಳುಗಳು ಮಾತಾಡುತ್ತಿದ್ದವು. ಪಾತ್ರೆಗಳೆಲ್ಲ ಸ್ಟೀಲಿನವಾದ ಮೇಲೆ ಕಾಲೇಜಿಗೆ ದಿನಗೂಲಿಯ ಮೇಲೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ಜಿರಲೆಯ ನರವನ್ನು ಹರಿಯದಂತೆ ಬಿಡಿಸಿ ತೋರಿಸುವುದರಲ್ಲಿ ಇಡೀ ವಿಭಾಗದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ವಯಸ್ಸಿನಲ್ಲಿ ಶಾಂತರಾಜುವಿನ ಅಪ್ಪ ಪುಟ್ಟಮಾದುಗಿಂತ ಎರಡು ವರ್ಷ ದೊಡ್ಡವನು. ಅವನನ್ನು ಶಾಂತರಾಜು ಅಪ್ಸರ್, ಬಾ, ಹೋಗು, ತಾ ಎಂದೇ ಕರೆಯುತ್ತಿದ್ದ. ಸೇರಿದ ಮೊದಲ ದಿನ ವಿಭಾಗದ ಮುಖ್ಯಸ್ಥರು ಹಾಗೆ ಕರೆದದ್ದನ್ನು ಕೇಳಿ ಇಲ್ಲಿಯ ರೂಢಿ ಇದು ಎಂದು ಹಿಡಿದುಕೊಂಡದ್ದು. ಸುಳ್ಳು. ಆ ದಿನ ಬಾಯಿಂದ 'ಬಾರಪ್ಪ ಇಲ್ಲಿ' ಎಂಬುದು ಹೊರಬಿದ್ದಾಗ ನಾಲಗೆಯ ಮೇಲೆ ಒಂದು ರುಚಿ ಬಂದಿತ್ತು. ಬದನಗುಪ್ಪೆಯ ಹತ್ತಿರದ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಅಪ್ಪನನ್ನು ಇವನ ಓರಗೆಯ ಹುಡುಗರು ಲೇ ಮಾದ, ಬಾಲಾ ಇಲ್ಲಿ ಎಂದು ಕೂಗುವುದನ್ನು, ಅಪ್ಪ ಬಂದೆ ಬುದ್ಧಿ ಎಂದು ಎದ್ದು ಹೋಗುವುದನ್ನು ಅವನು ಬೇಲಿಯ ಪಕ್ಕ ನಿಂತು ನೋಡಿದ್ದ. ಆ ಹುಡುಗರ ಬಾಯಲ್ಲಿ ಏನು ರುಚಿ ಇತ್ತೆಂದು ಆ ದಿನ ತಿಳಿಯಿತು. ತಿಳಿದ ಮೇಲೂ ಬಿಡಲಿಲ್ಲ.

ದಡದ ಮೊದಲ ದಿನವೇ ಅವಮಾನವಾಗಿತ್ತು. ಹೊಸ ಪ್ಯಾಂಟು ಮೊಣಕಾಲಿನವರೆಗೆ ಮಡಿಚಿ, ಬಲೆ ಹಿಡಿದು, ಕಂಡ ನೆರಳಿನ ಹಿಂದೆ ಓಡಿ, ಮುಗ್ಗರಿಸಿ ಮರಳಿನಲ್ಲಿ ಬೋರಲು ಬಿದ್ದ. ಮೀನು ಒಣಗಿಸುತ್ತಿದ್ದ ಹೆಂಗಸರು ತಮ್ಮ ಭಾಷೆಯಲ್ಲಿ ಏನೋ ಅಂದುಕೊಂಡು ನಕ್ಕರು. ಎದ್ದು ಮತ್ತೆ ಓಡಿದ, ಮತ್ತೆ ತಪ್ಪಿತು, ಮತ್ತೆ ನಕ್ಕರು. ಆ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲವೆಂದು ಈಗ ಅನ್ನಿಸುತ್ತದೆ, ಆಗ ಕಿವಿ ಕಾದಿತ್ತು. ಅಪ್ಸರ್ ಓಡಲಿಲ್ಲ. ಲುಂಗಿ ಎತ್ತಿ ಕಟ್ಟಿ, ಕುಕ್ಕರುಗಾಲಿನಲ್ಲಿ ಕೂತು, ಹುಳು ಓಡಿ ನಿಲ್ಲುವವರೆಗೆ ಕಾದು, ನಿಂತ ಕ್ಷಣಕ್ಕೆ ಬಲೆ ಬೋರಲು ಹಾಕುತ್ತಿದ್ದ. ಅದು ನೋಡಕ್ಕೆ ನಿಲ್ತದೆ ಸಾರ್, ನಿಂತಾಗ ಇಡೀಬೇಕು ಎಂದು ಎರಡನೇ ದಿನವೇ ಹೇಳಿದ. ಪುಸ್ತಕದಲ್ಲಿ ಓದಿದ್ದ ಮಾತನ್ನು ಅವನು ಬರಿಗಣ್ಣಿನಿಂದ ಕಂಡುಕೊಂಡಿದ್ದ. ಮೂರನೇ ದಿನದಿಂದ ಶಾಂತರಾಜು, ನಾನು ಮೇಲೆ ಒಣ ಮರಳಿನ ಉಷ್ಣಾಂಶ ನೋಡಿ ಬರುತ್ತೇನೆ, ನೀನು ಹಿಡಿಯುತ್ತಿರು ಎಂದು ಹೇಳಿ ಗಾಳಿಮರದ ತೋಪಿಗೆ ಹೋಗತೊಡಗಿದ. ಅಲ್ಲಿ ಥರ್ಮಾಮೀಟರನ್ನು ಪಕ್ಕದಲ್ಲಿಟ್ಟುಕೊಂಡು, ಮುಖದ ಮೇಲೆ ಟೋಪಿ ಹಾಕಿಕೊಂಡು, ಹನ್ನೆರಡರಿಂದ ಮೂರರವರೆಗೆ ಮಲಗಿದ. ನಾಲ್ಕು ದಿನ ಹಾಗೆ. ಎದ್ದು ನೋಟ್‌ಬುಕ್ಕಿನಲ್ಲಿ ಮಧ್ಯಾಹ್ನದ ಅಂಕಣಗಳನ್ನು ಅಂದಾಜಿನ ಮೇಲೆ ತುಂಬಿದ. ಬಿಳಿಯದು ಎಂಟು, ಆರು, ಒಂಬತ್ತು, ಏಳು. ಕರಿಯದು ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಆ ಸೊನ್ನೆಗಳನ್ನು ಬರೆಯುವಾಗ ಸಂತೋಷವಾಗಿತ್ತು. ಅವು ಅಷ್ಟು ಚೆನ್ನಾಗಿ ಕಾಣುತ್ತಿದ್ದವು. ಬೆಳಗಿನ ಅಂಕಣದ ಪಕ್ಕದಲ್ಲಿಟ್ಟರೆ ಎರಡು ಹುಳುಗಳ ನಡುವೆ ಗಡಿಯಾರದ ಮುಳ್ಳಿನಂಥ ಗಡಿ ಎದ್ದು ನಿಲ್ಲುತ್ತಿತ್ತು. ಪ್ರಬಂಧ ಹುಟ್ಟಿದ್ದೇ ಆ ನಾಲ್ಕು ಸೊನ್ನೆಗಳಿಂದ.

ಅಪ್ಸರ್ ಪ್ರತಿ ಹೊತ್ತಿಗೂ ಬೇರೆ ಬಾಟಲಿ ಇಟ್ಟು, ಬಾಟಲಿಯ ಕತ್ತಿಗೆ ರಬ್ಬರ್ ಬ್ಯಾಂಡಿನಿಂದ ಒಂದು ಚೀಟಿ ಸಿಕ್ಕಿಸುತ್ತಿದ್ದ. ಉರ್ದುವಿನಲ್ಲಿ, ಪೆನ್ಸಿಲಿನಲ್ಲಿ. ಅವನು ಕಲಿತದ್ದು ಆ ಅಕ್ಷರ ಮಾತ್ರ. ಏನು ಬರೆದಿದ್ದಾನೆಂದು ಶಾಂತರಾಜು ಒಮ್ಮೆಯೂ ಕೇಳಲಿಲ್ಲ. ತನಗೆ ಓದಲು ಬಾರದ್ದನ್ನು ಅಟೆಂಡರಿನ ಬಾಯಿಂದ ಓದಿಸಿಕೊಳ್ಳಬೇಕೆ? ಚಾಮರಾಜನಗರಕ್ಕೆ ಮರಳಿ ಹುಳುಗಳನ್ನು ಸೂಜಿಗೆ ಚುಚ್ಚುವ ದಿನ ತನ್ನ ನೋಟ್‌ಬುಕ್ಕು ನೋಡಿಕೊಂಡು ಜಾಗ, ತಾರೀಕು, ಹೊತ್ತು, ಹಿಡಿದವನ ಹೆಸರು ಬರೆದ ಲೇಬಲ್ಲುಗಳನ್ನು ಬಾಟಲಿಗೊಂದು ಕಟ್ಟು ಮಾಡಿ ಕೊಟ್ಟ. ಹಿಡಿದವನ ಹೆಸರು ಎಲ್ಲದರಲ್ಲೂ ಶಾಂತರಾಜು. ನಿನ್ನ ಚೀಟಿಗಳನ್ನೆಲ್ಲ ಬಿಸಾಕು ಎಂದು ಪೇಪರು ಬಿಡಿಸಿ ಕೂತ. ಸ್ವಲ್ಪ ಹೊತ್ತಿನ ಮೇಲೆ ಅಪ್ಸರ್ ಕೇಳಿದ್ದ: ಮದ್ಯಾನದ್ರಲ್ಲಿ ಕರೀದೂ ಅವೆ ಸಾರ್, ಅವಕ್ಕೂ ಇದೇ ಲೇಬಲ್ಲಾ? ಪೇಪರಿನಿಂದ ತಲೆ ಎತ್ತದೆ, ಬಾಟಲಿಯಲ್ಲಿ ಯಾವುದಿದೆಯೋ ಅದಕ್ಕೆ ಹಾಕು ಎಂದಿದ್ದ. ಮಾತು ಕಿವಿಗೆ ಬಿದ್ದಿತ್ತು. ಬಿದ್ದದ್ದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ.

ತೆರಕಣಾಂಬಿಯಲ್ಲಿ ಮರಿಮಲ್ಲಪ್ಪ ಇಳಿದ. ಇಳಿಯುವ ಮುಂಚೆ ಚೀಲದಿಂದ ಎರಡು ಹಿಡಿ ಅವರೆಕಾಯಿ ತೆಗೆದು ಇವನ ಪಕ್ಕದಲ್ಲಿಟ್ಟು, ನಮ್ ಐಕಳಿಗೆ ಚೆನ್ನಾಗಿ ಯೋಳ್ಕೊಡಿ ಎಂದು ಹೋದ. ಶಾಂತರಾಜು ಕಾಯಿಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕರ್ಚೀಫಿನಲ್ಲಿ ಕಟ್ಟಿಕೊಂಡ. ಲೇಬಲ್ಲಿನ ವಿಷಯ ಗೈಡಿನಿಂದ ಪ್ರಿನ್ಸಿಪಾಲ್ ಗಂಗಾಧರಸ್ವಾಮಿಯವರ ಕಿವಿಗೂ ಬಿದ್ದಿತ್ತು. ಶುಕ್ರವಾರ ಅವರು ಇವನನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಪರೀಕ್ಷಕರು ಒಪ್ಪಬೇಕಾದರೆ ಅಟೆಂಡರು ತಪ್ಪು ತನ್ನದೆಂದು ಬರೆದುಕೊಡಬೇಕು. ಬರೆದುಕೊಟ್ಟರೆ ಪ್ರಬಂಧ ಉಳಿಯುತ್ತದೆ, ಪ್ರಬಂಧ ಉಳಿದರೆ ಜೂನಿನಲ್ಲಿ ನಿಮ್ಮ ಟೆಂಪೊರರಿ ಕೆಲಸವೂ ಉಳಿಯುತ್ತದೆ. ಆದರೆ ಕಾಯಂ ಮಾಡಬೇಕಾದವರ ಪಟ್ಟಿಯಲ್ಲಿ ಅಪ್ಸರ್ ಹೆಸರು ಮೇಲಕ್ಕೆ ಹೋಗಿದೆ. ಇಂಥ ಕಾಗದ ನನ್ನ ಕೈಗೆ ಬಂದರೆ ಆ ಹೆಸರನ್ನು ನಾನು ವಾಪಸು ತರಿಸಿಕೊಳ್ಳಬೇಕಾಗುತ್ತದೆ, ಅದು ನಿಮಗೆ ಗೊತ್ತಿರಲಿ. ಗೊತ್ತಿರಲಿ ಎಂದು ಹೇಳಿ ಅವರು ಕನ್ನಡಕ ಒರೆಸಿಕೊಂಡರು. ಗೊತ್ತಾಯಿತು ಸಾರ್ ಎಂದು ಇವನು ಎದ್ದು ಬಂದ.

ಗುಂಡ್ಲುಪೇಟೆಯಲ್ಲಿ ಈರುಳ್ಳಿ ತುಂಬಿದ ಲಾರಿಗಳು ಹೆದ್ದಾರಿಯ ಎರಡೂ ಬದಿಗೆ ನಿಂತಿದ್ದವು. ಕೇರಳದ ಡ್ರೈವರುಗಳು ಬಕೆಟ್ಟಿನಲ್ಲಿ ನೀರು ತಂದು ಮುಖ ತೊಳೆಯುತ್ತಿದ್ದರು. ಸಂತೆಮಾಳದ ಹಿಂದಿನ ಗಲ್ಲಿಯಲ್ಲಿ ಅಪ್ಸರ್‌ನ ಮನೆ ಕೇಳಿದಾಗ ಒಬ್ಬರು ಬಂದು ಬಾಗಿಲವರೆಗೆ ಬಿಟ್ಟು ಹೋದರು. ಅಂಗಳದ ಮೂಲೆಯಲ್ಲಿ ಕಲಾಯಿಯ ಬೆಂಕಿ ಊದುವ ಹಳೆಯ ತಿದಿ ಒಂದು ಬಿದ್ದಿತ್ತು, ಅದರ ಚರ್ಮ ಬಿರಿದು ಒಳಗೆ ಕೋಳಿ ಕೂತಿತ್ತು. ಹೊಲಿಗೆ ಯಂತ್ರದ ಮುಂದಿದ್ದ ಅಪ್ಸರ್‌ನ ಹೆಂಡತಿ ಮೆಹರ್ ಬಾನು ಎದ್ದು, ತಲೆಯ ಸೆರಗು ಸರಿಮಾಡಿಕೊಂಡು, ಮಂಚದ ಮೇಲಿನ ಬಟ್ಟೆಯ ತುಂಡುಗಳನ್ನು ಬದಿಗೆ ಸರಿಸಿದಳು. "ಕುಂತ್ಕಳಿ ಸಾರ್. ಈಗ್ ಬತ್ತಾರೆ. ನೀವು ನಮ್ಮನೆಗ್ ಬಂದೀರಿ ಅಂತ ನಂಬಾಕೇ ಆಯ್ತಿಲ್ಲ." ಅವಳು ಟೀ ಮಾಡುತ್ತಲೇ ಅಡುಗೆಮನೆಯಿಂದ ಮಾತಾಡಿದಳು. ಸಮುದ್ರದಿಂದ ಬಂದ ಮೇಲೆ ಇವರಿಗೆ ದಿನವೂ ಅದೇ ಮಾತು. ಆ ಹುಳುಗಳ ಮೇಲೆ ಸಾಹೇಬರು ಪುಸ್ತಕ ಬರೀತಾರೆ, ನಾನು ಹಿಡಿದದ್ದು ಅದರಲ್ಲಿ ಇರುತ್ತದೆ ಎಂದು ನೆಂಟರಿಗೆಲ್ಲ ಹೇಳುತ್ತಾರೆ. ಇವರಿಗೆ ಹುಚ್ಚು ಎಂದು ಅವಳು ನಕ್ಕಳು. ಶಾಂತರಾಜು ಕರ್ಚೀಫಿನ ಗಂಟನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದ. ಅದನ್ನು ತಾನು ತಂದ ಕಾಣಿಕೆ ಎಂದು ತಿಳಿದು ಅವಳು ಕೈಚಾಚಿ ತೆಗೆದುಕೊಂಡಳು. ಅವರೆಕಾಯಾ, ಇದ್ಯಾಕ್ ತರಕ್ಕೋದ್ರಿ ಎಂದು ಮೂಸಿ ನೋಡಿ ಒಳಗಿಟ್ಟಳು. ಅವನು ಅಲ್ಲ ಎನ್ನಲಿಲ್ಲ. ಟೀ ಲೋಟ ಕೊಡುವಾಗ ಬಾಗಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ಲಿಸ್ಟಲ್ಲಿ ಹೆಸ್ರು ಓಗದೆ ಅಂದ್ರು. ಯಾವಾಗ್ ಬತ್ತದೆ ಸಾರ್ ಅದು? ಅವ್ರು ಕೇಳಕಿಲ್ಲ, ಅದ್ಕೇ ನಾನ್ ಕೇಳ್ತಾ ಇವ್ನಿ."

ಬರುತ್ತದೆ ಎಂದ. ಟೀ ನಾಲಗೆ ಸುಟ್ಟಿತು.

ಅಪ್ಸರ್ ಸೀಮೆಎಣ್ಣೆಯ ಡಬ್ಬ ಹಿಡಿದು ಬಂದ. ಇವನನ್ನು ನೋಡಿ ಡಬ್ಬ ಅಲ್ಲೇ ಇಟ್ಟು, ಕೈಯನ್ನು ಲುಂಗಿಗೆ ಒರೆಸಿಕೊಂಡು, ಮಂಚದ ಮೇಲೆ ಜಾಗವಿದ್ದರೂ ಕೂರದೆ ಗೋಡೆಗೆ ಒರಗಿ ನಿಂತ. ತನ್ನ ಮನೆಯಲ್ಲಿ ತಾನೇ ನಿಂತಿದ್ದ. ಶಾಂತರಾಜು ಕೂರು ಎಂದು ಹೇಳಬಹುದಿತ್ತು. ಕಾಗದ ತೆಗೆದ. ಪೆಟ್ಟಿಗೆಯ ವಿಷಯ, ಲೇಬಲ್ಲಿನಲ್ಲಿ ಸ್ವಲ್ಪ ಗೊಂದಲವಾಗಿದೆ, ಅದಕ್ಕೊಂದು ಸಹಿ ಬೇಕು ಎಂದ. ಹೇಳುವಾಗ ಅವನ ಕಣ್ಣು ತಿದಿಯೊಳಗಿನ ಕೋಳಿಯ ಮೇಲಿತ್ತು.

"ನನ್ನಿಂದ ಆಯ್ತಾ ಸಾರ್?"

ಶಾಂತರಾಜು ಕಾಗದವನ್ನು ಮುಂದಕ್ಕೆ ಚಾಚಿದ.

"ನಂದೇ ಇರ್ತದೆ ಬುಡಿ. ಕಣ್ಣು ಮೊದ್ಲಿನಂಗಿಲ್ಲ," ಎಂದು ಅಪ್ಸರ್ ಪೆನ್ನು ಕೇಳಿದ. ಕಾಗದವನ್ನು ಹೊಲಿಗೆ ಯಂತ್ರದ ಹಲಗೆಯ ಮೇಲಿಟ್ಟು, ಬಾಗಿ, ಬಲದಿಂದ ಎಡಕ್ಕೆ ನಿಧಾನವಾಗಿ ಹೆಸರು ಬರೆದ. ಇಂಗ್ಲಿಷಿನ ಆರು ವಾಕ್ಯಗಳ ಕಡೆ ನೋಡಲಿಲ್ಲ. ಕಾಗದ ಹಿಂತಿರುಗಿಸುವಾಗ ಏನೋ ನೆನಪಾಗಿ ಅವನ ಮುಖ ಅರಳಿತು. "ಗೊಂದ್ಲ ಆಗಿದ್ರೆ ಚೀಟಿ ನೋಡ್ಬೋದಲ್ಲ ಸಾರ್. ಬಿಸಾಕು ಅಂದ್ರಿ, ಮನ್ಸು ಬರ್ನಿಲ್ಲ. ಇಟ್ಟಿವ್ನಿ."

ಬೇಡ ಎನ್ನುವಷ್ಟರಲ್ಲಿ ಮೆಹರ್ ಬಾನು ಬಿಸ್ಕತ್ತಿನ ಡಬ್ಬಿ ತಂದಿದ್ದಳು. ಅದರೊಳಗೆ ಚೀಟಿಗಳು ದಿನದ ಪ್ರಕಾರ ದಾರದಲ್ಲಿ ಕಟ್ಟಿದ್ದವು. ಅಪ್ಸರ್ ಈಗ ಕೂತ, ಮಂಚದ ಮೇಲಲ್ಲ, ನೆಲದ ಮೇಲೆ, ಕಡಲ ದಡದಲ್ಲಿ ಕೂರುತ್ತಿದ್ದ ಹಾಗೆಯೇ ಕುಕ್ಕರುಗಾಲಿನಲ್ಲಿ. ಒಂದೊಂದನ್ನೂ ಕಣ್ಣಿಗೆ ದೂರ ಹಿಡಿದು ಕನ್ನಡದಲ್ಲಿ ಹೇಳುತ್ತ ಹೋದ. ಬೆಳಿಗ್ಗೆ ಎಂಟು, ಹಸಿ ಮರಳು, ಕರೀದು ಹನ್ನೊಂದು. ಹತ್ತು ಗಂಟೆ, ಕರೀದು ಒಂಬತ್ತು, ಬಿಳೀದು ಎರಡು. ಮಧ್ಯಾಹ್ನ ಹನ್ನೆರಡೂವರೆ, ಮೇಲೆ ಮರಳು ಕಾದು ಕಾಲಿಡಕ್ಕಾಗಲ್ಲ, ಬಿಳೀದೂ ಕೆಳಕ್ ಇಳಿದವೆ, ಹಸಿ ಮರಳಲ್ಲಿ ಎರಡೂ ಒಟ್ಟಿಗೆ. ಬಿಳೀದು ಏಳು, ಕರೀದು ನಾಲ್ಕು. ಒಂದರ ಪಕ್ಕ ಒಂದು ನಿಂತವೆ, ಕಾಲು ಎತ್ತರ ಮಾಡ್ಕಂಡು, ಒಟ್ಟೆ ಮರಳಿಗ್ ತಾಗದಂಗೆ.

ಶಾಂತರಾಜು ಟೀ ಲೋಟವನ್ನು ಕೆಳಗಿಟ್ಟ. ಎರಡೂ ಒಟ್ಟಿಗೆ. ಅವನು ಬರೆಯದೆ ಹೋದದ್ದು ಇದು. ಹೊತ್ತಿನ ಗಡಿ ಇರಲೇ ಇಲ್ಲ. ಬಿಸಿಲು ತಡೆಯಲಾರದೆ ಎರಡು ಜಾತಿಯೂ ಒಂದೇ ತಂಪಿಗೆ ಬಂದು, ಜಗಳವಿಲ್ಲದೆ ಕಾಲೆತ್ತರಿಸಿ ನಿಂತಿದ್ದವು. ತಾನು ಗಾಳಿಮರದ ಕೆಳಗೆ ಟೋಪಿ ಮುಚ್ಚಿ ಮಲಗಿದ್ದಾಗ ಈ ಮನುಷ್ಯ ಅದನ್ನು ಕೂತು ನೋಡಿದ್ದ. ನಿಜವಾದ ಪ್ರಬಂಧ ಮೂರು ತಿಂಗಳಿಂದ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಆಗಲೇ ಅವನ ಕಣ್ಣಿಗೆ ಇನ್ನೊಂದು ಬಿತ್ತು. ಆ ಮಧ್ಯಾಹ್ನದ ಚೀಟಿಯಲ್ಲಿ ಸಾಲುಗಳು ನಾಲ್ಕಿದ್ದವು. ಅಪ್ಸರ್‌ನ ಬೆರಳು ಮೂರನೇ ಸಾಲಿನ ಕೊನೆಗೆ ನಿಂತಿತ್ತು, ನಾಲ್ಕನೆಯದಕ್ಕೆ ಹೋಗದೆ ಚೀಟಿಯನ್ನು ಮಡಿಚಿತ್ತು.

ಕೊನೆಯ ಸಾಲು ಏನು ಎಂದು ಕೇಳಿದ.

"ಏನಿಲ್ಲ ಸಾರ್. ಗಾಳಿ ಜಾಸ್ತಿ ಅಂತ ಬರ್ದಿವ್ನಿ." ಅಪ್ಸರ್ ಕಟ್ಟನ್ನು ದಾರದಿಂದ ಬಿಗಿದು ಡಬ್ಬಿಗೆ ಹಾಕಿ, ಡಬ್ಬಿಯನ್ನು ಇವನ ಕೈಗಿಟ್ಟ. ತಗಂಡೋಗಿ, ನಿಮ್ ಕೆಲ್ಸದ್ದು ಅಲ್ವಾ ಎಂದ. ಬಾಗಿಲವರೆಗೆ ಬಂದು, ಎರಡು ಗಂಟೆಯ ಬಸ್ಸು ಸಿಗುತ್ತದೆ ಬೇಗ ಹೋಗಿ ಎಂದ.

ಬಸ್ ನಿಲ್ದಾಣಕ್ಕೆ ಬರುವ ದಾರಿಯುದ್ದಕ್ಕೂ ಶಾಂತರಾಜುವಿಗೆ ಗೊತ್ತಿತ್ತು, ಆ ಸಾಲಿನಲ್ಲಿ ಇರುವುದು ಏನೆಂದು. ಸಾಹೇಬರು ಮಲಗಿದ್ದಾರೆ. ಇನ್ನೇನು ಇದ್ದೀತು. ಪೆನ್ಸಿಲಿನ ಒಂದು ಸಾಲು, ಸಾಕ್ಷಿ, ತಾರೀಕಿನ ಜೊತೆ. ಅಂಥದ್ದನ್ನು ಬರೆದಿಟ್ಟುಕೊಂಡು, ತನ್ನೆದುರು ಓದದೆ, ಡಬ್ಬಿಯನ್ನೇ ಕೈಗೆ ಕೊಟ್ಟದ್ದೇಕೆ? ಅಣಕವೆ? ಅಣಕವಾಗಿದ್ದರೆ ಚೆನ್ನಾಗಿತ್ತು. ಅಣಕಿಸುವವನಿಗೆ ಮೋಸ ಮಾಡುವುದು ಸುಲಭ. ಎರಡು ಗಂಟೆಯ ಬಸ್ಸು ಇಂಜಿನ್ನು ಚಾಲೂ ಮಾಡಿಕೊಂಡು ನಿಂತಿತ್ತು. ಅದರ ಎದುರಿಗೆ ಒಂದು ಮೇಜಿನಗಲದ ಗಡಿಯಾರ ರಿಪೇರಿಯ ಅಂಗಡಿ, ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಸುಫಿಯಾನ್ ಎಂದು ಬರೆದ ಹಲಗೆ. ಶಾಂತರಾಜು ಚೀಟಿ ತೆಗೆದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಇದೊಂದನ್ನು ಓದಿಕೊಡುತ್ತೀರಾ ಎಂದು ಅವನ ಮುಂದೆ ಹಿಡಿದ. ಸುಫಿಯಾನ್ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಬಾಗಿದ.

"ಸಾಹೇಬ್ರಿಗೆ ಜ್ವರ," ಎಂದು ಓದಿದ. "ಮರದ ಕೆಳಗೆ ಮಲಗಿದ್ದಾರೆ. ಎಬ್ಬಿಸಲಿಲ್ಲ. ನಾನೇ ಹಿಡಿದೆ." ಭೂತಗನ್ನಡಿ ತೆಗೆದು ಇವನ ಮುಖ ನೋಡಿದ. "ಯಾರಿಗ್ ಸಾರ್ ಉಸಾರಿಲ್ದಿದ್ದು? ಈಗ ವಾಸಿ ಆಯ್ತಾ?"

ಶಾಂತರಾಜು ಉಳಿದ ಮೂರು ದಿನಗಳ ಮಧ್ಯಾಹ್ನದ ಚೀಟಿಗಳನ್ನೂ ತೆಗೆದು ಮೇಜಿನ ಮೇಲಿಟ್ಟ. ನಾಲ್ಕರಲ್ಲೂ ಕೊನೆಯ ಸಾಲು ಅದೇ. ಸಾಹೇಬ್ರಿಗೆ ಜ್ವರ. ಸಾಹೇಬ್ರಿಗೆ ಇನ್ನೂ ಜ್ವರ. ಯಾರೂ ಓದದ ಅಕ್ಷರದಲ್ಲಿ, ಯಾರೂ ಕೇಳದೆ, ತನ್ನ ಪಾಡಿಗೆ ತಾನು ಬರೆದುಕೊಳ್ಳುವ ಚೀಟಿಯಲ್ಲೂ ಆ ಮನುಷ್ಯ ಇವನ ಮಾನ ಕಾಯ್ದಿದ್ದ. ಅಥವಾ ನಿಜಕ್ಕೂ ಜ್ವರವೆಂದೇ ನಂಬಿದ್ದನೆ? ಕಂಡಕ್ಟರು ಚಾಮ್‌ರಾಜ್‌ನಗರ ಚಾಮ್‌ರಾಜ್‌ನಗರ ಎಂದು ಕೂಗಿ ಬಾಗಿಲು ಬಡಿದ. ಬಸ್ಸು ಶಾಂತರಾಜುವಿನ ಎದುರಿಗೇ ತಿರುಗಿ, ಹೊಗೆ ಬಿಟ್ಟು, ಲಾರಿಗಳ ನಡುವೆ ಹೋಯಿತು. ಹತ್ತಬೇಕೆಂದು ಕಾಲಿಗೆ ಅನ್ನಿಸಲಿಲ್ಲ. ಅವನು ನಿಂತಿದ್ದ. 'ನಂಬಿದ್ದರೆ' ಎಂಬ ಮಾತನ್ನು ಹಿಡಿದುಕೊಂಡ. ನಂಬಿದ್ದರೆ ಇನ್ನೂ ಒಂದಷ್ಟು ಮುಖ ಉಳಿಯುತ್ತದೆ. ಚೀಟಿಗಳನ್ನು ಬಾಚಿ ಡಬ್ಬಿಗೆ ಹಾಕಿಕೊಂಡು ಸಂತೆಮಾಳದ ಕಡೆ ನಡೆದ. ನಡೆಯುವಾಗ ಎದುರಿನದೇನೂ ಕಾಣಲಿಲ್ಲ. ಕೈಗಾಡಿಯವನೊಬ್ಬ ಬೈದುಕೊಂಡು ಪಕ್ಕಕ್ಕೆ ಸರಿದ.

ಅಂಗಳದಲ್ಲಿ ಮೆಹರ್ ಬಾನು ಅವರೆಕಾಯಿ ಸುಲಿಯುತ್ತಿದ್ದಳು. ಏನಾದ್ರೂ ಮರ್ತ್ರಾ ಸಾರ್ ಎಂದಳು. ಒಳಗಿನಿಂದ ಅಪ್ಸರ್ ಎದ್ದು ಬಂದು, ಅದೇ ಗೋಡೆಗೆ ಮೊದಲಿನ ಹಾಗೆಯೇ ಒರಗಿ ನಿಂತ. ಬಸ್ಸು ಓಯ್ತಲ್ಲ ಸಾರ್ ಎಂದ.

"ನನಗೆ ಆವತ್ತು ಜ್ವರ ಇರಲಿಲ್ಲ," ಎಂದ ಶಾಂತರಾಜು.

ಅಪ್ಸರ್ ಪಾಷಾ ತನ್ನ ಕಾಲಿನ ಬೆರಳುಗಳನ್ನು ನೋಡಿದ.

"ಗೊತ್ತು ಸಾರ್. ಅಣೆ ಮುಟ್ಟಿ ನೋಡಿದ್ದೆ. ತಣ್ಣಗಿತ್ತು."

ಮುಟ್ಟಿದ್ದು ತನಗೆ ಗೊತ್ತಾಗಿರಲಿಲ್ಲ. ಟೋಪಿ ಎತ್ತಿ, ಬೆವರು ಒರೆಸಿದ ಕೈಯನ್ನು ಹಣೆಯ ಮೇಲಿಟ್ಟು, ಮತ್ತೆ ಟೋಪಿ ಮುಚ್ಚಿ ಹೋಗಿರಬೇಕು, ಮಕ್ಕಳಿಗೆ ನೋಡುವ ಹಾಗೆ. ಶಾಂತರಾಜು ಮಂಚದ ಮೇಲೆ ಕೂರಲು ಹೋದವನು ಕೂರಲಿಲ್ಲ, ನೆಲದ ಮೇಲೆ ಕೂತ. ಜೇಬಿನಿಂದ ಕಾಗದ ತೆಗೆದು ಬಿಡಿಸಿದ. ಇದರಲ್ಲಿ ತಪ್ಪೆಲ್ಲ ನಿಮ್ಮದು ಎಂದು ಬರೆದಿದೆ, ಇದನ್ನು ಕೊಟ್ಟರೆ ಲಿಸ್ಟಿನಿಂದ ನಿಮ್ಮ ಹೆಸರು ಹೋಗುತ್ತದೆ, ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ತಂದೆ ಎಂದು ಒಂದೇ ಉಸಿರಿಗೆ, ಯಾರ ಮುಖವನ್ನೂ ನೋಡದೆ ಹೇಳಿದ. ಬೈದಿದ್ದರೆ ಅದಕ್ಕೆ ಒಂದು ಉತ್ತರ ಹುಡುಕಬಹುದಿತ್ತು. ಮೆಹರ್ ಬಾನು ಎದ್ದು, ಸುಲಿದ ಕಾಳಿನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಅವಳ ಸೆರಗು ಇವನ ಭುಜಕ್ಕೆ ತಾಗದಂತೆ ಎಳೆದುಕೊಂಡದ್ದು ಅವನ ಕಣ್ಣಿಗೆ ಬಿತ್ತು.

ಅವನು ಕಾಗದದ ಮೇಲೆ ಮೂಲೆಯಿಂದ ಮೂಲೆಗೆ ಗೀಟೆಳೆದು ಮಗುಚಿದ. ಹಿಂಬದಿ ಖಾಲಿಯಾಗಿತ್ತು; ಬೆಳಕಿಗೆ ಮುಂದಿನ ಬದಿಯ ಸಹಿ ಮಾತ್ರ ತಿರುಗುಮುರುಗಾಗಿ ಕಾಣುತ್ತಿತ್ತು. ಮೂರು ಅಂಕಣ ಹಾಕಿ, ಮೊದಲನೆಯದರ ಮೇಲೆ ಹೊತ್ತು, ಎರಡನೆಯದರ ಮೇಲೆ ಕರಿಯದು, ಮೂರನೆಯದರ ಮೇಲೆ ಬಿಳಿಯದು ಎಂದು ಬರೆದ. ತಡೆದು, ನಾಲ್ಕನೆಯದೊಂದು ಅಂಕಣ ಹಾಕಿ ಹಿಡಿದವರು ಎಂದು ಬರೆದ. ಡಬ್ಬಿಯನ್ನು ಮುಂದಕ್ಕೆ ತಳ್ಳಿದ.

"ಕೂತ್ಕೊಳಿ ಸಾಬ್ರೆ," ಎಂದ. "ಮೊದಲನೆಯದರಿಂದ ಓದಿ. ಯಾವ ಸಾಲನ್ನೂ ಬಿಡಬೇಡಿ."

ಅಪ್ಸರ್ ಪಾಷಾ ತಕ್ಷಣ ಕೂರಲಿಲ್ಲ. ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಗೋಡೆ ಬಿಟ್ಟು ಬಂದು, ಮಂಚದ ಮೇಲೆ ಕೂತು, ಚೀಟಿಯನ್ನು ಕಣ್ಣಿಗೆ ದೂರ ಹಿಡಿದು ಓದತೊಡಗಿದರು.